ಫ್ರೆಂಚ್ ಅತಿಥಿಗೆ ನಾನು ಕೊಟ್ಟ ಔಟು

ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಟೆನ್ನಿಸ್ ಕ್ಲಬ್ಬಿನಲ್ಲಿ ವರ್ಷಕ್ಕೊಂದು ಸಣ್ಣ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತಿತ್ತು. ಅಂತರರಾಷ್ಟ್ರೀಯ ಅಂದರೆ, ಟೀವಿಯಲ್ಲಿ ಯಾವತ್ತೂ ಕಾಣದ ಆಟಗಾರರು ಬೇರೆ ಬೇರೆ ದೇಶಗಳಿಂದ ಬಂದು, ಸೋತೋ ಗೆದ್ದೋ ಒಂದು ವಾರ ಕಳೆದು, ಮುಂದಿನ ಊರಿಗೆ ಹೋಗುವುದು. ಆ ವಾರ ಸಂಜೆ ಡಬಲ್ಸ್ ಆಡುವ ನಮ್ಮಂಥ ಮೆಂಬರುಗಳೆಲ್ಲ ಬಿಳಿ ಟೋಪಿ ಹಾಕಿಕೊಂಡು, ಚೆಂಡು ಗೆರೆಯ ಒಳಗೋ ಹೊರಗೋ ಹೇಳುವ ಲೈನ್ಸ್‌ಮನ್‌ಗಳಾಗುತ್ತಿದ್ದೆವು. ಕೆಲವರು ಆಟಗಾರರಿಗೆ ಮನೆಯಲ್ಲಿ ಕೋಣೆಯನ್ನೂ ಕೊಡುತ್ತಿದ್ದರು.

ನಾನು ಲಷ್ಕರ್ ಮೊಹಲ್ಲಾದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಕುವೆಂಪುನಗರದ ಮನೆಯಲ್ಲಿ ಮಹಡಿ ಕೋಣೆ ಖಾಲಿಯಿತ್ತು. ನಿವೃತ್ತ ಹೆಡ್‌ಮಾಸ್ಟರಾದ ಕ್ಲಬ್ಬಿನ ಕಾರ್ಯದರ್ಶಿಗಳು ಕೇಳಿದಾಗ ಆಗಲಿ ಅಂದುಬಿಟ್ಟೆ. ಅಂದ ಗಳಿಗೆಯಿಂದ ಚಿಂತೆ ಹತ್ತಿಕೊಂಡಿತು. ಗೀಸರು ಕೈಕೊಟ್ಟರೆ? ಅವನಿಗೆ ಹೊಟ್ಟೆ ಕೆಟ್ಟರೆ? ಮಹಡಿ ಮೆಟ್ಟಿಲಿಗೆ ಕಂಬಿಯಿಲ್ಲ, ಜಾರಿ ಬಿದ್ದು ಕಾಲು ಮುರಿದುಕೊಂಡರೆ ಎರಡು ಸರ್ಕಾರಗಳಿಗೆ ನಾನೊಬ್ಬನೇ ಉತ್ತರ ಕೊಡಬೇಕಲ್ಲ?

ಬಂದವನು ಫ್ರಾನ್ಸಿನವನು. ಮೂವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುತ್ತಿದ್ದ. ಬೆಳಿಗ್ಗೆ ತನ್ನ ಕಾಲುಚೀಲ ತಾನೇ ಒಗೆದು ತಾರಸಿಯ ಮೇಲೆ ಸಾಲಾಗಿ ಒಣಹಾಕುತ್ತಿದ್ದ. ಆಮೇಲೆ ನೆಲದ ಮೇಲೆ ಕೂತು ರ‍್ಯಾಕೆಟ್ಟಿನ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ನೋಡುತ್ತಿದ್ದ. ನನ್ನ ಹೆಂಡತಿ ಅಕ್ಕಿರೊಟ್ಟಿ ಹಾಕಿದರೆ ಐದು ತಿನ್ನುತ್ತಿದ್ದ. ಅಲ್ಲಿಗೆ ಅವಳ ಮಟ್ಟಿಗೆ ಅವನು ಉತ್ತಮ ಆಟಗಾರನಾದ.

ಅವನ ಇಂಗ್ಲಿಷೂ ನನ್ನದೂ ಒಂದೇ ದರ್ಜೆಯದಾದ್ದರಿಂದ ಮಾತು ಸಲೀಸಾಗಿತ್ತು. ಎರಡನೆಯ ದಿನ ಕಾಫಿ ಕುಡಿಯುತ್ತ ತನ್ನ ವಿಷಯ ಹೇಳಿದ. ಹತ್ತು ವರ್ಷದಿಂದ ಹೀಗೇ ಊರೂರು ಸುತ್ತುತ್ತಿದ್ದಾನೆ. ಗೆದ್ದರೆ ಬರುವ ರ‍್ಯಾಂಕಿಂಗ್ ಪಾಯಿಂಟು ಒಂದು ವರ್ಷ ಮಾತ್ರ ಲೆಕ್ಕಕ್ಕಿರುತ್ತದೆ, ಆಮೇಲೆ ಬಿದ್ದುಹೋಗುತ್ತದೆ. ಅವನ ಹತ್ತಿರ ಉಳಿದಿದ್ದು ಒಂದೇ ಒಂದು, ಅದೂ ಮುಂದಿನ ತಿಂಗಳು ಬೀಳುವುದು. ಇಲ್ಲಿ ಮೊದಲ ಸುತ್ತು ಗೆದ್ದರೆ ಇನ್ನೊಂದು ಸಿಗುತ್ತದೆ, ಪಟ್ಟಿಯಲ್ಲಿ ಹೆಸರು ಇನ್ನೊಂದು ವರ್ಷ ಉಳಿಯುತ್ತದೆ. ಸೋತರೆ ಅವನ ಊರಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಹೇಳಿಕೊಡುವ ಕೆಲಸವಿದೆ, ಅವರು ಈ ತಿಂಗಳೊಳಗೆ ಉತ್ತರ ಕೇಳಿದ್ದಾರೆ.

"ಆ ಕೆಲಸ ಕೆಟ್ಟದ್ದೇನಲ್ಲ," ಅಂದ. "ಇನ್ನೂ ಬೇಡ, ಅಷ್ಟೇ."

ಪಂದ್ಯದ ದಿನ ಕಾರ್ಯದರ್ಶಿಗಳು ನನ್ನನ್ನು ಅವನ ಕೋರ್ಟಿನಲ್ಲೇ, ಹಿಂದಿನ ಗೆರೆ ನೋಡಲು ಹಾಕಿದರು.

"ಅವನು ನಮ್ಮನೇಲಿ ಇರೋನು ಸಾರ್. ನಾನು ಕೂತ್ರೆ ಜನ ಏನಂತಾರೆ?"

"ಏನೂ ಅನ್ನಲ್ಲ, ಹೋಗಿ ಕೂತ್ಕೊಳಿ. ಹತ್ತು ಜನ ಬರ್ತೀನಿ ಅಂದಿದ್ರು, ಬಂದಿರೋದು ಆರು. ನಿಮ್ಮ ಜಾಗದಲ್ಲಿ ನಾನು ಕೂತ್ರೆ ನನಗೆ ಗೆರೆನೇ ಕಾಣಲ್ಲ ಕಣ್ರೀ."

ಜನ ಅನ್ನದೆ ಬಿಡಲಿಲ್ಲ. ಎದುರಾಳಿ ನಮ್ಮ ದೇಶದ ಹುಡುಗ. ನನ್ನ ಕುರ್ಚಿಯ ಹಿಂದೆಯೇ ಸಂಜೆ ಆಟದ ಗೆಳೆಯರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು.

"ಏನ್ ಸಾರ್, ಮನೆ ಅಳಿಯ ಆಡ್ತಾವ್ನೆ. ಸ್ವಲ್ಪ ನೋಡ್ಕೊಳಿ," ಅಂದ ಒಬ್ಬ.

"ಅವ್ರು ನೋಡ್ಕೊಂಡೇ ನೋಡ್ಕೋತಾರೆ ಬುಡು," ಅಂದ ಇನ್ನೊಬ್ಬ. "ರಾತ್ರಿ ಮನೇಗೆ ಹೋಗ್ಬೇಕಲ್ಲ."

ಮುಂದಿನ ಎರಡು ಗಂಟೆ ನಾನು ಗೆರೆಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಯಾರು ನೋಡುತ್ತಿದ್ದಾರೆ ಎಂದು ಯೋಚಿಸಿದೆ.

ಇಬ್ಬರೂ ಒಂದೊಂದು ಸೆಟ್ ಗೆದ್ದರು. ಮೂರನೆಯದರಲ್ಲಿ ನಮ್ಮ ಅತಿಥಿ ಐದು-ನಾಲ್ಕರಲ್ಲಿ ಮುಂದಿದ್ದ. ಇನ್ನೊಂದು ಚೆಂಡು ಗೆದ್ದರೆ ಪಂದ್ಯ ಅವನದು. ಅವನು ಆಚೆ ತುದಿಯಿಂದ ಬೀಸಿ ಹೊಡೆದ ಚೆಂಡು ನನ್ನ ಮುಂದೆಯೇ ಬಿತ್ತು, ಹುಡುಗನಿಗೆ ಅದನ್ನು ಮುಟ್ಟಲೂ ಆಗಲಿಲ್ಲ. ನಾನು ಕೈ ಚಾಚಿ "ಔಟ್" ಅಂದೆ. ಚೆಂಡು ಬೀಳುವುದಕ್ಕೆ ಮುಂಚೆಯೇ ನನ್ನ ಬಾಯಿ ತಯಾರಾಗಿತ್ತು ಅಂತ ಈಗ ಅನ್ನಿಸುತ್ತದೆ.

ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಅನುಮಾನ ಬಂದರೆ ಅಂಪೈರ್ ಇಳಿದು ಬರುತ್ತಾರೆ, ಲೈನ್ಸ್‌ಮನ್ ಗುರುತು ತೋರಿಸಬೇಕು. ಅಂಪೈರ್ ಬಂದರು. ನಾನು ಬಗ್ಗಿದೆ. ಅಲ್ಲಿ ಎರಡು ಗುರುತುಗಳಿದ್ದವು. ಒಂದು ಗೆರೆಯ ಅಂಚನ್ನು ತಿಂದಿತ್ತು, ಹೊಸದು, ಮಣ್ಣು ಇನ್ನೂ ಸಡಿಲವಾಗಿತ್ತು; ಗೆರೆ ತಾಗಿದರೆ ಚೆಂಡು ಒಳಗೇ ಲೆಕ್ಕ. ಇನ್ನೊಂದು ಎರಡು ಬೆರಳು ಆಚೆ, ಯಾವಾಗಿನದೋ ಹಳೆಯದು. ನನ್ನ ಬೆರಳು ಹಳೆಯದರ ಕಡೆ ಹೋಯಿತು.

ಫ್ರೆಂಚ್ ಅತಿಥಿ ನೆಟ್ಟಿನ ಪಕ್ಕದಿಂದ ಸುತ್ತಿ ಬಂದು ನಿಂತ. ಗುರುತುಗಳನ್ನು ನೋಡಿದ. ನನ್ನ ಮುಖ ನೋಡಿದ. ರ‍್ಯಾಕೆಟ್ಟಿನ ತಂತಿ ಮೀಟುತ್ತ ವಾಪಸ್ ಹೋದ. ಹಿಂದಿನಿಂದ ಚಪ್ಪಾಳೆ ಬಿತ್ತು. ಆಮೇಲೆ ಆ ಗೇಮೂ ಅವನ ಕೈತಪ್ಪಿತು, ಏಳು-ಐದಕ್ಕೆ ಪಂದ್ಯವೂ ಹೋಯಿತು.

ಮನೆಗೆ ಬಂದ ಮೇಲೆ ಅವನು ಎಂದಿನಂತೆ ಊಟ ಮಾಡಿದ, ರೊಟ್ಟಿ ಮಾತ್ರ ಎರಡೇ. ಮಾರನೆಯ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟೆ. ದಾರಿಯುದ್ದಕ್ಕೂ ಹೇಳಿಬಿಡಬೇಕು ಅಂದುಕೊಂಡೆ. ಸಿಗ್ನಲ್ಲಿನಲ್ಲಿ ಹೇಳೋಣ ಅಂದರೆ ಹಸಿರು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಹೇಳೋಣ ಅಂದರೆ ಬಸ್ಸು ಹೊರಡುತ್ತಿತ್ತು. ಹೇಳದೇ ಇರಬೇಕೆಂದಿರುವವನಿಗೆ ಊರೆಲ್ಲ ಸಹಾಯ ಮಾಡುತ್ತದೆ. ಅವನು ಕೈ ಕುಲುಕಿ, ನನ್ನ ಹೆಂಡತಿಗೆ ಥ್ಯಾಂಕ್ಸ್ ಹೇಳಿ, ಇ-ಮೇಲ್ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟು ಹತ್ತಿದ.

ಕ್ಲಬ್ಬಿನಲ್ಲಿ ನನ್ನ ಹೆಸರು ಏರತೊಡಗಿತು. ಸ್ವಂತ ಅತಿಥಿಗೇ ಔಟ್ ಕೊಟ್ಟವನು ಎಂದು ಹೊಸ ಮೆಂಬರುಗಳಿಗೆ ಪರಿಚಯಿಸುತ್ತಿದ್ದರು. ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿದರು. ನಾನೂ ಹೊದ್ದುಕೊಂಡೆ. ಆದರೆ ಸೋಮವಾರ ಸೋಮವಾರ ಸೈಬರ್ ಸೆಂಟರಿಗೆ ಹೋಗಿ, ಅಂದು ಹೊಸದಾಗಿ ಬರುವ ರ‍್ಯಾಂಕಿಂಗ್ ಪಟ್ಟಿಯ ಕೊನೆಯ ಪುಟ ತೆಗೆದು ನೋಡುವುದು ನಿಲ್ಲಲಿಲ್ಲ. ಒಂದು ಸೋಮವಾರ ಅವನ ಹೆಸರು ಇರಲಿಲ್ಲ. ಪುಟ ಸರಿಯಾಗಿ ತೆರೆದಿಲ್ಲವೇನೋ ಎಂದು ಮೂರು ಸಲ ನೋಡಿದೆ.

ಅಂದೇ ಸಂಜೆ ಕಾರ್ಯದರ್ಶಿಗಳ ಮುಂದೆ ಎಲ್ಲ ಹೇಳಿ ಶಾಲು ಮೇಜಿನ ಮೇಲಿಟ್ಟೆ.

"ಇಷ್ಟು ದಿನ ಆದ್ಮೇಲೂ ಒಂದು ಗೆರೆ ಬಗ್ಗೆ ಕೊರಗ್ತಾ ಇದೀರಲ್ಲ," ಅಂದರು ಅವರು. "ಇಂಥ ಪ್ರಾಮಾಣಿಕರು ಎಲ್ಲಿ ಸಿಗ್ತಾರೆ ಈಗ? ತಗೊಂಡೋಗಿ ಸುಮ್ನೆ."

ಬೇರೆ ದಾರಿ ಕಾಣದೆ ಅವನಿಗೇ ಇ-ಮೇಲ್ ಬರೆದೆ. ಗುರುತು ಎರಡಿದ್ದವು, ನಾನು ತೋರಿಸಿದ್ದು ಹಳೆಯದು, ನಿನ್ನ ಚೆಂಡು ಒಳಗಿತ್ತು, ಜನ ಏನಂದಾರೋ ಎಂಬ ಹೆದರಿಕೆಗೆ ಹಾಗೆ ಮಾಡಿದೆ ಎಂದು ಸೈಬರ್ ಸೆಂಟರಿನಲ್ಲಿ ಒಂದು ಗಂಟೆ ಕೂತು ಟೈಪು ಮಾಡಿದೆ.

ಹತ್ತು ದಿನ ಬಿಟ್ಟು ಉತ್ತರ ಬಂತು. ಗುರುತು ತನಗೂ ಕಂಡಿತ್ತು ಎಂದು ಬರೆದಿದ್ದ. ಫ್ರಾನ್ಸಿನವರು ಮಣ್ಣಿನ ಕೋರ್ಟಿನ ಮೇಲೆಯೇ ಆಡಿ ಬೆಳೆದವರು, ಹಳೆಯದು ಹೊಸದು ತಿಳಿಯದೇ ಇರುತ್ತದೆಯೇ. ಜಗಳ ಆಡಬೇಕಿತ್ತು, ಮೇಲಿನ ರ‍್ಯಾಂಕಿನವರಾಗಿದ್ದರೆ ಆಡುತ್ತಿದ್ದರು. ಆದರೆ ಐದು ದಿನ ನಿಮ್ಮ ಮನೆಯಲ್ಲಿ ಉಂಡಿದ್ದೆ, ಅಷ್ಟು ಜನರ ಮುಂದೆ ನಿಮ್ಮನ್ನು ಸುಳ್ಳುಗಾರ ಅನ್ನಲು ಬಾಯಿ ಬರಲಿಲ್ಲ. ಈಗ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ, ಬೆಳಿಗ್ಗೆ ಚಳಿ ಜಾಸ್ತಿ, ಮಿಕ್ಕಂತೆ ಅಡ್ಡಿಯಿಲ್ಲ.

ಸಮಾಧಾನವಾಗಲಿ ಎಂದು ಅವನು ಬರೆದದ್ದು. ನನಗೆ ಅದುವರೆಗೆ ಗೆರೆಯ ಚಿಂತೆ ಒಂದೇ ಇತ್ತು, ಈಗ ಊಟದ್ದೂ ಸೇರಿಕೊಂಡಿತು. ಹೆಂಡತಿಗೆ ಓದಿ ಹೇಳಿದೆ.

"ಹಂಗಾದ್ರೆ ನಾನು ರೊಟ್ಟಿ ಹಾಕಿದ್ದೇ ತಪ್ಪಾ?" ಅಂದಳು. ಮತ್ತೆ ತಾನೇ, "ಅವನು ಒಳ್ಳೇವ್ನು ಕಣ್ರೀ. ನೀವು ಒಳ್ಳೇವ್ರು ಅನ್ನಿಸ್ಕೊಳ್ಳೋಕೆ ಹೋದ್ರಿ," ಅಂದಳು.

ಮರುವರ್ಷ ಬೇರೊಬ್ಬ ಆಟಗಾರ ಮಹಡಿಗೆ ಬಂದ. ಇಪ್ಪತ್ತು ದಾಟಿರದ ಯಾವುದೋ ದೂರದೇಶದ ಹುಡುಗ. ಅವನ ಕೋರ್ಟಿಗೆ ನನ್ನನ್ನು ಹಾಕಬೇಡಿ ಎಂದು ಕಾರ್ಯದರ್ಶಿಗಳಿಗೆ ಬರೆದೇ ಕೊಟ್ಟಿದ್ದೆ. ಆದರೂ ಯಾವುದನ್ನೂ ನಂಬುವ ಹಾಗಿಲ್ಲ, ಆರೇ ಜನ ಬಂದರೆ ಮತ್ತೆ ನಾನೇ ಕೂರಬೇಕಾದೀತು. ಅದಕ್ಕೆ ಬ್ಯಾಗು ಇಳಿಸುವ ಮೊದಲೇ ಅವನಿಗೆ ಹೇಳಿದೆ, ನಾನು ಗೆರೆಯಲ್ಲಿ ಕೂತು ತಪ್ಪು ಕೊಟ್ಟರೆ ಅಲ್ಲೇ ಗಟ್ಟಿಯಾಗಿ ಜಗಳ ಆಡು, ಈ ಮನೆಯಲ್ಲಿ ನಿನ್ನ ಊಟಕ್ಕೆ ಅದರಿಂದ ಏನೂ ತೊಂದರೆಯಿಲ್ಲ ಎಂದು. ಹುಡುಗ ಗಾಬರಿಯಿಂದ ನನ್ನ ಹೆಂಡತಿಯ ಮುಖ ನೋಡಿದ. ಅವಳು ತಟ್ಟೆ ತರಲು ಒಳಗೆ ಹೋದಳು.