ಸಣ್ಣವರೆಂಬ ಕಾಗದ

ನಮ್ಮ ಓನರ್ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಕಬ್ಬಿಣದ ತಗಡಿನ ಅಂಚಿನ ಮೇಲೆ ಮೂವತ್ತು ವರ್ಷ ಆಡಿಸಿ ಆಡಿಸಿ ಅದು ನುಣ್ಣಗಾಗಿ ಹೊಳೆಯುತ್ತಿತ್ತು. ಬೆರಳಚ್ಚಿನ ಯಂತ್ರದ ಮೇಲಿಟ್ಟರೆ ಯಂತ್ರಕ್ಕೆ ಅವರ ಗುರುತೇ ಸಿಗುತ್ತಿರಲಿಲ್ಲ. "ನನ್ನ ಗುರುತು ಬ್ರಾಕೆಟ್‌ಗಳಿಗೆ ಗೊತ್ತು ಬಿಡಮ್ಮ" ಎನ್ನುತ್ತಿದ್ದರು.

ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಿಂದ ಹತ್ತು ನಿಮಿಷ ನಡೆದರೆ ಅವರ ಶೆಡ್ಡು. ಬಸ್ಸಿನ ಸೀಟನ್ನು ನೆಲಕ್ಕೆ ಹಿಡಿಸುವ ಬ್ರಾಕೆಟ್ ಅಲ್ಲಿ ತಯಾರಾಗುತ್ತಿತ್ತು. ತಗಡು ಒತ್ತುವ ಮೂರು ಪ್ರೆಸ್ಸು, ಹನ್ನೊಂದು ಜನ ಕೆಲಸಗಾರರು, ಆಫೀಸಿಗೆ ನಾನೊಬ್ಬಳು. ಗಂಡ ತೀರಿಕೊಂಡ ವರ್ಷ ಲಿಂಗರಾಜಪುರದಿಂದ ಕೆಲಸ ಹುಡುಕಿಕೊಂಡು ಹೋಗಿದ್ದೆ. ಟೈಪಿಂಗ್ ಬಿಟ್ಟರೆ ನನಗೇನೂ ಬರುತ್ತಿರಲಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಬೆಳಗ್ಗೆ ಎಂಟಕ್ಕೆ ಬರ್ತೀರಾ?" ಬರುತ್ತೇನೆಂದೆ. ಅಷ್ಟೇ ನನ್ನ ಇಂಟರ್‌ವ್ಯೂ.

ಅವರ ಹೆಬ್ಬೆರಳು ಸವರದ ಒಂದು ಬ್ರಾಕೆಟ್ಟೂ ಗೇಟು ದಾಟುತ್ತಿರಲಿಲ್ಲ. ಬಸ್ಸು ಹತ್ತಿದರೂ ಬಗ್ಗಿ ಸೀಟಿನ ಕೆಳಗೆ ಕೈಯಾಡಿಸುವ ಚಾಳಿ ಬೇರೆ. ಒಮ್ಮೆ ಹೆಂಗಸೊಬ್ಬಳು ಚೆನ್ನಾಗಿ ಬೈದಾಗ, "ನಮ್ಮ ಮಾಲು ಕಣಮ್ಮ ಇದು, ನೋಡ್ತಿದ್ದೆ" ಎಂದು ಕೈಮುಗಿದರಂತೆ. ಮರುದಿನ ಅದನ್ನು ಎಲ್ಲರಿಗೂ ತಾವೇ ಹೇಳಿಕೊಂಡು ನಕ್ಕರು.

ಅವರಿಗೊಂದು ದೊಡ್ಡಸ್ತಿಕೆಯಿತ್ತು. ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಲು ಕಾಸು ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ನಾನು ಒಂದು ಮಧ್ಯಾಹ್ನ ಅರ್ಜಿಯನ್ನೆಲ್ಲ ತುಂಬಿ, ಅವರ ಫೋನಿಗೆ ಬಂದ ಓಟಿಪಿ ಹೇಳಿ ಎಂದೆ. ಅವರು ಫೋನನ್ನು ನನ್ನ ಮೇಜಿನ ಮೇಲೆ ಮಗುಚಿಟ್ಟರು. "ಬೋರ್ಡಲ್ಲಿ ಇಂಡಸ್ಟ್ರೀಸ್ ಅಂತ ಬರ್ಸಿದ್ದೀನಿ. ಈಗ ನಾನೇ ಸಣ್ಣೋನು ಅಂತ ಬರ್ಕೊಡ್ಲಾ? ಆರ್ಡರ್ ಕೊಡೋರು ನೋಡಿದ್ರೆ ಏನಂತಾರೆ?" ಎಂದು ಹೇಳಿ ಪ್ರೆಸ್ಸಿನ ಕಡೆ ಹೋದರು. ಓಟಿಪಿಯ ಸಮಯ ಮುಗಿಯುವವರೆಗೂ ನಾನು ಆ ಫೋನನ್ನೇ ನೋಡುತ್ತ ಕೂತಿದ್ದೆ.

ಆಮೇಲೆ ಬಸ್ಸು ಕಟ್ಟುವ ದೊಡ್ಡ ಕಂಪನಿ ಆರ್ಡರ್ ನಿಲ್ಲಿಸಿತು. ಬ್ಯಾಂಕಿನ ಕಂತು ನಿಂತು ವರ್ಷ ದಾಟಿತು. ಬ್ಯಾಂಕು ದಿವಾಳಿ ಕಾನೂನಿನ ನ್ಯಾಯಮಂಡಳಿಗೆ ಹೋಯಿತು. ಮಂಡಳಿ ನೇಮಿಸಿದ ಅಧಿಕಾರಿಯೊಬ್ಬರು ಬಂದು ಓನರ್ ಕುರ್ಚಿಯಲ್ಲಿ ಕೂತರು. ಓನರ್ ನನ್ನ ಮೇಜಿನ ಪಕ್ಕದ ಸ್ಟೂಲಿಗೆ ಬಂದರು.

ಬೆನ್ಸನ್ ಟೌನಿನ ವಕೀಲಮ್ಮ ಒಬ್ಬರನ್ನು ಹಿಡಿದೆವು. ಅವರು ಕಾನೂನನ್ನು ಬಿಡಿಸಿ ಹೇಳಿದರು. ಸಾಲ ಕಟ್ಟದೆ ಕಂಪನಿಯನ್ನು ಇಲ್ಲಿಗೆ ತಂದವನು ಅದನ್ನು ಉಳಿಸುವ ಯೋಜನೆ ಕೊಟ್ಟು ಮತ್ತೆ ಒಳಗೆ ಬರುವಂತಿಲ್ಲ. ಆದರೆ ಸಣ್ಣ ಉದ್ದಿಮೆಯವರಿಗೆ ವಿನಾಯಿತಿ ಇದೆ, ಅವರ ಕಾರ್ಖಾನೆಯನ್ನು ಬೇರೆ ಯಾರೂ ಕೊಳ್ಳಲು ಬರುವುದಿಲ್ಲವೆಂದು.

"ಸರ್ಟಿಫಿಕೇಟ್ ಇದೆಯಲ್ಲ?" ಎಂದು ವಕೀಲಮ್ಮ ಕೇಳಿದರು. ಓನರ್ ನನ್ನ ಮುಖ ನೋಡಿದರು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಧಿಕಾರಿಯ ಒಪ್ಪಿಗೆ ಪಡೆದು ಅವತ್ತೇ ಅರ್ಜಿ ಹಾಕಿದೆವು. ಓನರ್ ಓಟಿಪಿಯನ್ನು ಎರಡೆರಡು ಸಲ ಓದಿ ಹೇಳಿದರು. ಸರ್ಟಿಫಿಕೇಟ್ ಬಂತು, ಲ್ಯಾಮಿನೇಷನ್ ಮಾಡಿಸಿದರು. ಹಳೇ ಗಿರಾಕಿಗಳ ಕಾಲು ಹಿಡಿದು ಆರ್ಡರಿನ ಮಾತು ತಂದು ಯೋಜನೆ ಬರೆಸಿದರು. ಬ್ಯಾಂಕೂ ಒಪ್ಪಿತು. ಇನ್ನು ಮಂಡಳಿಯ ಒಂದು ಸಹಿ ಸಾಕು ಎಂದುಕೊಂಡೆವು.

ಸಹಿ ಬೀಳಲಿಲ್ಲ. ಪ್ರಕ್ರಿಯೆ ಶುರುವಾದ ದಿನ ನಿಮ್ಮ ಬಳಿ ಈ ಪತ್ರವಿರಲಿಲ್ಲ, ಆದ್ದರಿಂದ ವಿನಾಯಿತಿ ಸಿಗದು ಎಂದರು. ವಕೀಲಮ್ಮ ವಾದಿಸಿದರು: ಕಾರ್ಖಾನೆ ಹುಟ್ಟಿದಾಗಿನಿಂದ ಸಣ್ಣದೇ, ತಡವಾಗಿ ಬಂದಿದ್ದು ಕಾಗದ ಮಾತ್ರ. ಯೋಜನೆ ಕೊಟ್ಟ ದಿನ ಪತ್ರವಿತ್ತಲ್ಲ, ಕಾನೂನಿನಲ್ಲಿ ಯಾವ ದಿನವೆಂದು ಬರೆದಿಲ್ಲವಲ್ಲ ಎಂದರು. ಚೆನ್ನೈಯಲ್ಲಿರುವ ಮೇಲಿನ ಮಂಡಳಿಗೆ ಮೇಲ್ಮನವಿ ಹೋಯಿತು. ಅಲ್ಲಿಯೂ ಅದೇ ಮಾತು.

ಆ ಸುದ್ದಿ ಕೇಳಿ ವಕೀಲಮ್ಮನ ಆಫೀಸಿನಿಂದ ನಾವಿಬ್ಬರೂ ಬಸ್ಸಿನಲ್ಲಿ ವಾಪಸಾದೆವು. ದಾರಿಯುದ್ದಕ್ಕೂ ಅವರು ಒಮ್ಮೆಯೂ ಸೀಟಿನ ಕೆಳಗೆ ಕೈ ಹಾಕಲಿಲ್ಲ. ಟಿನ್ ಫ್ಯಾಕ್ಟರಿ ಬಂದಾಗ ಇಳಿಯುವುದನ್ನೂ ಮರೆತಿದ್ದರು. "ಹನ್ನೊಂದು ಜನಕ್ಕೆ ಏನಂತ ಹೇಳ್ಲಮ್ಮ? ನಾನು ದೊಡ್ಡೋನು, ಅದಕ್ಕೆ ನಿಮ್ಮ ಕೆಲ್ಸ ಹೋಯ್ತು ಅಂತ್ಲಾ?" ಎಂದರು.

ಕೊಳ್ಳುವವರು ಬೇರೆ ಯಾರೂ ಬರದೆ ಕಾರ್ಖಾನೆ ಹರಾಜಿಗೆ ಹೋಯಿತು, ಪ್ರೆಸ್ಸುಗಳು ಶಿವಾಜಿನಗರದ ಗುಜರಿಯವರ ಪಾಲಾದವು. ಲಾರಿ ಬಂದ ದಿನ ಓನರ್ ಆಯಿಲ್ ಕ್ಯಾನು ಹಿಡಿದು ಒಂದೊಂದಕ್ಕೂ ಎಣ್ಣೆ ಬಿಡುತ್ತಿದ್ದರು. ಗುಜರಿಯವನು ಮೆಲ್ಲಗೆ, "ಕಟ್ ಮಾಡಕ್ಕೆ ತಗೊಂಡ್ಹೋಗೋದು ಸಾಬ್, ಆಯಿಲ್ ಯಾಕೆ?" ಎಂದ. "ನಿಂಗೆ ಗೊತ್ತಾಗಲ್ಲಪ್ಪ, ಸುಮ್ನಿರು" ಎಂದು ಕೆಲಸ ಮುಂದುವರಿಸಿದರು. ನಾನು ಆಫೀಸಿಗೆ ಓಡಿ ಬಾಗಿಲು ಹಾಕಿಕೊಂಡು ಅತ್ತೆ.

ಅದಾಗಿ ಬಹಳ ದಿನಗಳ ಮೇಲೆ ವಕೀಲಮ್ಮ ಫೋನ್ ಮಾಡಿದರು. ಬೇರೆ ಯಾರದೋ ಕೇಸಿನಲ್ಲಿ ದೆಹಲಿಯ ದೊಡ್ಡ ಕೋರ್ಟು ಹೇಳಿತ್ತಂತೆ, ಯೋಜನೆ ಕೊಡುವ ದಿನ ಪತ್ರವಿದ್ದರೆ ಸಾಕು ಎಂದು. "ನಾವು ಹೇಳಿದ್ದನ್ನೇ ಹೇಳಿದ್ದಾರೆ" ಎಂದರು. ನಾನು ಹಲಸೂರಿಗೆ ಹೋದೆ. ಓನರ್ ಅಲ್ಲಿನ ಒಂದು ಬಾಡಿಗೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು, ಉಸಿರಿಗೇ ಕಷ್ಟವಾಗಿತ್ತು. ಹೆಂಡತಿ ದಿಂಬು ಕೊಟ್ಟು ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ.

"ಮೆಷೀನ್ ವಾಪಸ್ ಬರಲ್ಲ ಅಲ್ವಾ?"

"ಬರಲ್ಲ ಸಾರ್."

ಬಹಳ ಹೊತ್ತು ಹೆಬ್ಬೆರಳಿನಿಂದ ಮಂಚದ ಅಂಚನ್ನು ಸವರುತ್ತಿದ್ದರು. "ಹಂಗಾದ್ರೆ ನಾವು ಸಣ್ಣೋರೇ ಅಂತ ಒಪ್ಕೊಂಡ್ರಾ?"

"ಒಪ್ಕೊಂಡ್ರು ಸಾರ್" ಎಂದೆ. ಅದು ಬೇರೆಯವರ ಕೇಸು ಎಂದು ಎರಡನೇ ಸಲ ಹೇಳುವ ಧೈರ್ಯ ನನಗಿರಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಅವರು ಹೋದರು. ಕೋರ್ಟುಗಳ ಮೇಲೆ ನನಗೆ ಸಿಟ್ಟಿಲ್ಲವೆಂದರೆ ಸುಳ್ಳಾದೀತು. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಕೋರ್ಟಲ್ಲ, ನನ್ನ ಮೇಜಿನ ಮೇಲೆ ಮಗುಚಿಟ್ಟ ಆ ಫೋನು. ಅವರು ಪ್ರೆಸ್ಸಿನ ಕಡೆ ತಿರುಗಿದಾಗ ನಾನು ಅದನ್ನೆತ್ತಿ, ಆ ಆರು ಅಂಕಿಗಳನ್ನು ಒತ್ತಿಬಿಡಬಹುದಿತ್ತು. ಬೈಯುತ್ತಿದ್ದರು, ಅಷ್ಟೇ.