ಲತಾಮಣಿ ಎರಡು ಸಲ ತಂದ ಎಸ್‌ಎಂಪಿಎಸ್

ತಿಲಕ್ ನಗರದ ಒಂದು ಅಡ್ಡರಸ್ತೆಯ ಮಹಡಿ ಮನೆಯಲ್ಲಿ ಬೇಸಿಗೆ ಬಂತೆಂದರೆ ಮದುವೆಗಳಿಗೆ ಬಿಡುವೇ ಇರುತ್ತಿರಲಿಲ್ಲ. ಮದುಮಕ್ಕಳಾಗಲಿ ಓಲಗದವರಾಗಲಿ ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಕ್ಯಾಸೆಟ್ಟುಗಳು ಬರುತ್ತಿದ್ದವು, ಅಷ್ಟೇ. ಸ್ಟುಡಿಯೋದವರು ತೆಗೆದ ವಿಡಿಯೋವನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಡಿವಿಡಿ ಮಾಡಿಕೊಡುವ ಕೆಲಸಕ್ಕೆ ಆಗ ಮಿಕ್ಸಿಂಗ್ ಎನ್ನುತ್ತಿದ್ದರು. ಅದನ್ನು ಮಾಡುತ್ತಿದ್ದವಳು ಲತಾಮಣಿ.

ಮದುವೆಗೆ ಮುಂಚೆ ಅವಳು ಜಯನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಳು. ಲಗ್ನಪತ್ರಿಕೆಯಿಂದ ಮದುವೆ ವಿಡಿಯೋಗೆ ಬರಲು ಅವಳಿಗೆ ತನ್ನದೇ ಮದುವೆ, ಒಂದು ಹೆರಿಗೆ, ಮಗಳು ಸ್ಕೂಲಿಗೆ ಹೋಗುವವರೆಗಿನ ಕಾಯುವಿಕೆ ಎಲ್ಲ ಬೇಕಾಯಿತು. ಬನಶಂಕರಿಯ ಸ್ಟುಡಿಯೋದ ಜಯದೇವಪ್ಪ ಕೆಲಸ ಕಲಿಸಿದರು. ಹಾಲ್‌ನಲ್ಲಿ ಬುದ್ಧನ ಪಟದ ಕೆಳಗೆ, ಮಂಚಕ್ಕೂ ಬೀರುವಿಗೂ ನಡುವಿನ ಜಾಗದಲ್ಲಿ ಟೇಬಲ್ ಬಂತು. ಗಂಡ ವೇಣು ಮೆಡಿಕಲ್ ಸ್ಟೋರಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ, ಪಾತ್ರೆ ಬಟ್ಟೆ ಮುಗಿದ ಮೇಲೆ, ಅವಳ ಆಫೀಸು ಶುರುವಾಗುತ್ತಿತ್ತು. ಕುಕ್ಕರ್ ಕೂಗಿದರೆ ಆಫೀಸಿನಿಂದ ಎದ್ದು ಹೋಗಬೇಕಾಗುತ್ತಿತ್ತು.

ಮಂಚದ ಮೇಲೆ ಅತ್ತೆ ಅಣ್ಣಮ್ಮ. ಬಹಳ ವರ್ಷ ಊದುಬತ್ತಿ ಹೊಸೆದು ಸಂಸಾರ ಸಾಗಿಸಿದ ಹೆಂಗಸು. ಈಗ ಅವರಿಗೆ ಪರರ ಮದುವೆ ನೋಡುವುದೇ ಧಾರಾವಾಹಿ.

"ಆ ನೀಲಿ ಶರ್ಟಿನೋನು ಎರಡನೇ ಪಂಕ್ತೀಲೂ ಕೂತವ್ನೆ ನೋಡು," ಎನ್ನುವರು.

"ಅವನು ಹುಡುಗಿ ಸೋದರಮಾವ ಅತ್ತೆ. ತೆಗೆಯೋಕಾಗಲ್ಲ."

"ಎಲೆನಾದ್ರೂ ತೆಗಿ, ಮರ್ಯಾದೆ ಉಳೀಲಿ."

ಲತಾಮಣಿ ಪ್ರತಿ ಮದುವೆಯಲ್ಲೂ ತರಕಾರಿ ಹೆಚ್ಚುವ, ಪಾತ್ರೆ ಬೆಳಗುವ ಹೆಂಗಸರ ಮುಖಗಳನ್ನು ಒಂದಿಷ್ಟು ಹೊತ್ತು ಉಳಿಸುತ್ತಿದ್ದಳು. "ಇವರ್ಯಾಕಮ್ಮ?" ಎಂದು ಜಯದೇವಪ್ಪ ಕೇಳಿದರೆ, "ಊಟ ಚೆನ್ನಾಗಿತ್ತು ಅಂತ ಎಲ್ರೂ ಹೇಳ್ತಾರಲ್ಲ ಸಾರ್, ಮಾಡಿದೋರು ಕಾಣ್ಲಿ ಬಿಡಿ," ಎನ್ನುತ್ತಿದ್ದಳು.

ಎರಡು ಸಾವಿರದ ಏಳರ ಬೇಸಿಗೆಯ ಆರಂಭದಲ್ಲಿ ಅದೇ ಜಯದೇವಪ್ಪ ಒಂದು ಮದುವೆಯ ಕ್ಯಾಸೆಟ್ಟುಗಳನ್ನು ಟೇಬಲ್ ಮೇಲಿಟ್ಟು ಕತ್ತು ಕೆರೆದುಕೊಂಡರು.

"ಈಗಿನೋರಿಗೆ ಮಂಟಪ ಸಾಲದಂತಮ್ಮ. ಹುಡುಗ ಹುಡುಗಿ ಮೋಡದ ಮೇಲೆ ನಡೀಬೇಕಂತೆ. ಹೆಸರು ಗಿರಗಿರ ತಿರುಗ್ತಾ ಬರಬೇಕಂತೆ. ನಿನ್ನ ಮಷಿನ್ನಲ್ಲಿ ಆಗುತ್ತಾ?"

"ಆಗುತ್ತೆ ಸಾರ್."

"ಇದೊಂದು ಮಾಡಿ ತೋರಿಸು. ಯುಗಾದಿ ಆದ್ಮೇಲೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸೀಸನ್ ಕೆಲಸ ಪೂರ್ತಿ ಜೆ.ಪಿ. ನಗರದ ಮಿಕ್ಸಿಂಗ್ ಲ್ಯಾಬಿಗೆ ಕೊಡಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡ."

ಒಂದು ಸಲ ಲ್ಯಾಬಿಗೆ ಹೋದ ಕೆಲಸ ತಿರುಗಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಆ ಟೇಬಲ್ಲಿನ ಮೇಲೆ ಮಡಚಿದ ಬಟ್ಟೆ ಇಡುವುದೊಂದೇ ಬಾಕಿ. ಅವಳು ಚೀಟಿ ಎತ್ತಿ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದಳು. ಗೇಣಿಗಿಂತ ಉದ್ದದ ಕಾರ್ಡು, ಅದಕ್ಕೆ ತನ್ನದೇ ಫ್ಯಾನು, ತನ್ನದೇ ಕರೆಂಟಿನ ವೈರು. ಮೋಡ ಬಂತು, ಹೆಸರು ತಿರುಗಿತು. ಮಾಡಿದ್ದನ್ನೆಲ್ಲ ಕೂಡಿಸಿ ಒಂದೇ ವಿಡಿಯೋ ಮಾಡು ಎಂದು ಕಂಪ್ಯೂಟರಿಗೆ ಹೇಳಿದಳು. ಇದಕ್ಕೆ ರೆಂಡರಿಂಗ್ ಎನ್ನುತ್ತಾರೆ, ಗಂಟೆಗಟ್ಟಲೆ ಹಿಡಿಯುತ್ತದೆ. ಧಾರೆಯ ತನಕ ಹೋದದ್ದು ಟಪ್ಪೆಂದು ನಿಂತಿತು. ಮತ್ತೆ ಹಚ್ಚಿದಳು. ಈ ಸಲ ಕಾಶೀಯಾತ್ರೆಗೇ ನಿಂತಿತು.

"ಇಸ್ತ್ರಿ ಪೆಟ್ಟಿಗೆ ಹಾಕಿದ್ಯಾ?" ವೇಣು ಕೇಳಿದ.

ಹಾಕಿದ್ದಳು, ಅವನ ಶರ್ಟಿಗೇ. ಮಾರನೆಯ ದಿನದಿಂದ ಇಸ್ತ್ರಿ ಬೆಳಗಿನ ಜಾವಕ್ಕೆ ಹೋಯಿತು. ಮಿಕ್ಸಿಯನ್ನು ಎತ್ತಿಟ್ಟು ಒರಳಿನಲ್ಲಿ ಚಟ್ನಿ ರುಬ್ಬಿದಳು. ಗೀಸರ್ ಬಿಟ್ಟು ಒಲೆಯ ಮೇಲೆ ನೀರು ಕಾಯಿಸಿದಳು. ಕಂಪ್ಯೂಟರಿಗೆ ಕರೆಂಟು ಸಾಲುತ್ತಿಲ್ಲ ಎಂದು ಮನೆಯವರೆಲ್ಲ ಒಪ್ಪಿದರು. ಉಳಿಸುವ ಕೆಲಸ ಯಾರದೆಂದು ಯಾರೂ ಮಾತಾಡಲಿಲ್ಲ, ಅದು ತಾನಾಗಿಯೇ ತೀರ್ಮಾನವಾಗಿತ್ತು. ಆದರೂ ಕಂಪ್ಯೂಟರ್ ನಿಲ್ಲುತ್ತಲೇ ಇತ್ತು. ಒಂದು ಮಧ್ಯಾಹ್ನ ಅಣ್ಣಮ್ಮ ಟಿವಿಯನ್ನೂ ಫ್ಯಾನನ್ನೂ ಆರಿಸಿ, ಬೀಸಣಿಗೆ ಹಿಡಿದು ಕೂತರು. ಕಂಪ್ಯೂಟರ್ ಆಗಲೂ ನಿಂತಿತು. ಲತಾಮಣಿ ಮಾನಿಟರ್ ಕಡೆ ನೋಡಿದಳು. ಅದರ ದೀಪ ಉರಿಯುತ್ತಿತ್ತು. ಕರೆಂಟು ಹೋದರೆ ಕೂಗುವ ಯುಪಿಎಸ್ ಕೂಗಿರಲಿಲ್ಲ. ಗೋಡೆಯಿಂದ ಕರೆಂಟು ಬರುತ್ತಲೇ ಇತ್ತು, ಸತ್ತಿದ್ದು ಕಂಪ್ಯೂಟರಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಒಂದೇ.

"ಮಿಕ್ಸಿ ಮತ್ತೆ ಹೊರಗೆ ತೆಗೀರಿ ಅತ್ತೆ," ಎಂದಳು. "ತಪ್ಪು ಇದರೊಳಗೇ ಇದೆ."

ಫೋನಿನಲ್ಲಿ ಜಯದೇವಪ್ಪ, "ಎಸ್‌ಎಂಪಿಎಸ್ ಇರಬೇಕಮ್ಮ, ದೊಡ್ಡದು ಹಾಕಿಸು," ಎಂದರು. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಮಾರ್ಪಡಿಸಿ ಹಂಚುವ ಕಬ್ಬಿಣದ ಡಬ್ಬಿ ಅದು. ಕ್ಯಾಬಿನೆಟ್ ಕೊಂಡರೆ ಜೊತೆಗೇ ಬರುತ್ತಿದ್ದುದರಿಂದ ಅದನ್ನು ಯಾರೂ ಆರಿಸಿ ಕೊಳ್ಳುತ್ತಿರಲಿಲ್ಲ.

ಅತ್ತೆ ಸೊಸೆ ಜೊತೆಯಾಗಿ ಜಯನಗರದ ಒಂದು ಅಂಗಡಿಗೆ ಹೋದರು. ಅಂಗಡಿಯವನು ಗಾಜಿನ ಮೇಲೆ ಮೂರು ಡಬ್ಬಿ ಇಟ್ಟ. ಮೂರೂ ಒಂದೇ ಥರ ಕಂಡವು. ಸ್ಟೀಲ್ ಅಂಗಡಿಯಲ್ಲಿ ಈ ಅತ್ತೆ ಸೊಸೆಗೆ ಮೋಸ ಮಾಡಿದವರಿಲ್ಲ. ತಪ್ಪಲೆಯನ್ನು ಎಡಗೈಯಲ್ಲಿ ಎತ್ತಿ, ತಳಕ್ಕೆ ಬೆರಳಿನಿಂದ ಬಾರಿಸಿ, ತೂಕ ನೋಡಿಯೇ ಕೊಳ್ಳುವುದು ಆ ಮನೆಯ ಕ್ರಮ. ಅಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಡಬ್ಬಿ ಎತ್ತಿದರು.

"ಇದು ಹಪ್ಪಳ. ಇದು ಪರ್ವಾಗಿಲ್ಲ. ಇದು ನೋಡೆ, ಕೈಗೆ ಸಿಗುತ್ತೆ."

ಲತಾಮಣಿಯೂ ಎತ್ತಿದಳು. ನಿಜವಾಗಿಯೂ ಗಟ್ಟಿ. ಮೇಲೆ ಆರುನೂರು ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಂಗಡಿಯವನು, "ಆಂಟಿಗೆ ಚೆನ್ನಾಗಿ ಗೊತ್ತಾಗುತ್ತೆ," ಎಂದು ನಕ್ಕು ಪ್ಯಾಕ್ ಮಾಡಿಬಿಟ್ಟ.

ಅದನ್ನು ಹಾಕಿಸಿದ ಮೇಲೆ ರೆಂಡರಿಂಗ್ ಧಾರೆ ದಾಟಿತು, ಸಪ್ತಪದಿ ದಾಟಿತು. ಅಣ್ಣಮ್ಮ ಬೀಗಿದರು. ಆರತಕ್ಷತೆಯ ಹೊತ್ತಿಗೆ ಫಟ್ ಎಂದು ಸದ್ದಾಗಿ, ಸುಟ್ಟ ವಾಸನೆ ಹಾಲ್ ತುಂಬಿತು. ಲತಾಮಣಿ ಓಡಿಬಂದು ಪ್ಲಗ್ ಕಿತ್ತಳು. ಚೀಟಿ ದುಡ್ಡಿನ ಕಾರ್ಡೂ ಸುಟ್ಟಿದ್ದರೆ ಎಂದು ಕ್ಯಾಬಿನೆಟ್ಟಿನ ಹತ್ತಿರ ಬಗ್ಗಿ ಮೂಸಿ ನೋಡಿದಳು.

ಈ ಸಲ ಅವಳು ಬಿಟಿಎಂ ಲೇಔಟಿನ ಮುತ್ತುರಾಜನ ಹತ್ತಿರ ಹೋದಳು. ಬಾಗಲಕೋಟೆ ಕಡೆಯಿಂದ ಬಂದು ಬಾಡಿಗೆ ಮಳಿಗೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವವನು, ಪಕ್ಕದ ಮನೆಯವರು ಹೇಳಿ ಕಳಿಸಿದ್ದರು. ಜೊತೆಗೆ ಅಣ್ಣಮ್ಮನೂ ಇದ್ದರು. ಮುತ್ತುರಾಜ ಮೊದಲು ಕಾರ್ಡನ್ನು ತನ್ನ ಮಷಿನ್ನಿಗೆ ಹಾಕಿದ. ಫ್ಯಾನು ತಿರುಗಿತು, ಪರದೆಯ ಮೇಲೆ ಚಿತ್ರ ಬಂತು.

"ಕಾರ್ಡ್ ಉಳದೈತ್ರಿ ಅಕ್ಕಾರ. ಪುಣ್ಯೇವು ನಿಮ್ದು."

ಲತಾಮಣಿ ಸ್ಟೂಲ್ ಎಳೆದುಕೊಂಡು ಕೂತಳು.

ಆಮೇಲೆ ಅವನು ಸುಟ್ಟ ಡಬ್ಬಿಯ ಸ್ಕ್ರೂ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ.

"ಯಾರ ಆರಿಸಿದ್ರಿ ಇದನ್ನ?"

"ನಾನೇ ಕಣಪ್ಪ," ಎಂದರು ಅಣ್ಣಮ್ಮ. "ಒಳ್ಳೆ ತೂಕ ಇತ್ತು."

"ತೂಕ ಇರದ ಏನ್ರಿ ಅಮ್ಮಾರ, ಒಳಗ ಸಿಮೆಂಟ್ ಗಡ್ಡಿ ಅಂಟಿಸ್ಯಾರ ನೋಡ್ರಿ."

ಡಬ್ಬಿಯ ಮೂಲೆಯಲ್ಲಿ, ತೆಳ್ಳನೆಯ ವೈರುಗಳ ಹಿಂದೆ, ಅಂಗೈಯಗಲದ ಸಿಮೆಂಟಿನ ತುಂಡು ಅಂಟಿಕೊಂಡಿತ್ತು. ಅಣ್ಣಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಅರಗು ತುಂಬಿದ ಬಳೆ ನೋಡಿದ್ದೆ. ಹುಣಸೇಹಣ್ಣಲ್ಲಿ ಬೀಜ ತುಂಬೋದೂ ನೋಡಿದ್ದೆ. ಇದು ನೋಡಿರಲಿಲ್ಲ." ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. "ಕೈಗೇ ಮೋಸ ಮಾಡಿದ್ನಲ್ಲೆ ಲತಾ."

"ನಾನೂ ಎತ್ತಿ ನೋಡಿದ್ನಲ್ಲ ಅತ್ತೆ, ಬಿಡಿ."

"ನಮ್ಮ ಮನೆ ಪಾಯಕ್ಕಾದ್ರೂ ಇಷ್ಟು ಸಿಮೆಂಟ್ ಹಾಕಿದ್ರಾ ಅಂತ ಅನುಮಾನ."

ಮುತ್ತುರಾಜ ಬೇರೆ ಎರಡು ಡಬ್ಬಿ ತಂದಿಟ್ಟ. ಈ ಸಲ ಅಣ್ಣಮ್ಮ ಮುಟ್ಟಲಿಲ್ಲ. ದೊಡ್ಡ ಅಂಕಿ ನೋಡಬೇಡಿ ಎಂದ ಅವನು. ಅದು ಎಲ್ಲ ವೈರುಗಳದ್ದನ್ನೂ ಕೂಡಿಸಿ ಬರೆದದ್ದು, ಕೆಲವರು ಇಲ್ಲದ್ದನ್ನೂ ಕೂಡಿಸುತ್ತಾರೆ. ಈ ಕಾರ್ಡು ಉಣ್ಣುವುದು ಹನ್ನೆರಡು ವೋಲ್ಟಿನ ಸಾಲಿನಲ್ಲಿ. ಡಬ್ಬಿಯ ಲೇಬಲ್ಲಿನಲ್ಲಿ ಆ ಸಾಲಿನ ಮುಂದೆ ಎಷ್ಟು ಆಂಪ್ಸ್ ಕರೆಂಟು ಎಂದಿದೆ, ಕಾರ್ಡಿನ ಪೆಟ್ಟಿಗೆ ಎಷ್ಟು ಕೇಳುತ್ತದೆ, ಅದೆರಡನ್ನು ಹೊಂದಿಸಿ ನೋಡಬೇಕು.

"ಹಾಗಂದ್ರೆ, ಮೀಟರ್ ಎಷ್ಟೇ ದೊಡ್ಡದಿದ್ರೂ ಗೀಸರನ್ನ ಹಾಲ್ ಪ್ಲಗ್ಗಿಗೆ ಹಾಕೋ ಹಾಗಿಲ್ಲ ಅಂತ," ಎಂದಳು ಲತಾಮಣಿ.

"ಹಂಗ ತಿಳ್ಕೋರಿ."

ಅವಳು ಕಾರ್ಡಿನ ಪೆಟ್ಟಿಗೆಯನ್ನು ಚೀಲದಿಂದ ತೆಗೆದು ಪಕ್ಕಕ್ಕಿಟ್ಟು ಓದಿದಳು. ಮೊದಲನೆಯ ಡಬ್ಬಿ ಆ ಸಾಲಿನಲ್ಲಿ ಕಾರ್ಡು ಕೇಳುವಷ್ಟನ್ನು ಹಾಗೂ ಹೀಗೂ ಮುಟ್ಟುತ್ತಿತ್ತು. ಎರಡನೆಯದರಲ್ಲಿ ಇನ್ನೂ ಮಿಗುತ್ತಿತ್ತು, ಕೆಟ್ಟರೆ ಮೂರು ವರ್ಷದವರೆಗೆ ಬದಲಾಯಿಸಿಕೊಡುತ್ತೇವೆಂದು ಕಂಪನಿ ಬರೆದಿತ್ತು.

"ಮೊದಲನೇದು ಸಾಕಾಗಲ್ವಾ?"

"ಸಾಕಾಗತೈತಿ. ಆದ್ರ ದಿನಾ ಅಷ್ಟಕ್ಕಷ್ಟ ದುಡಿಸಿದ್ರ ಬ್ಯಾಗ ಸೊರಗತೈತಿ. ಬೆಂಗಳೂರು ಬ್ಯಾಸಗಿ ಬ್ಯಾರೆ."

ಸರಿಯಾಗಿ ಸಾಕಾಗುವಷ್ಟಕ್ಕೆ ನಿಲ್ಲಿಸಿ ದಿನಾ ದುಡಿಸಿದರೆ ಏನಾಗುತ್ತದೆಂದು ಲತಾಮಣಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎರಡನೆಯದನ್ನೇ ಮುಂದಕ್ಕೆ ಎಳೆದುಕೊಂಡಳು. ಆದರೆ ಪರ್ಸ್ ತೆಗೆಯಲಿಲ್ಲ.

"ಹಚ್ಚಿ ನೋಡ್ದೆ ತಗೊಂಡು ಹೋಗಲ್ಲ ಅಣ್ಣ."

"ಹಚ್ಚಿ ತೋರಸ್ತೀನಲ್ರಿ."

"ಫ್ಯಾನ್ ತಿರುಗೋದಲ್ಲ. ಒಂದು ಬಲ್ಬ್ ತಗೊಂಡ್ರೂ ಅಂಗಡೀಲೇ ಹೊತ್ತಿಸಿ ಕೊಡ್ತಾರೆ. ನನ್ನ ಮದುವೆ ಪೂರ್ತಿ ಇಲ್ಲೇ ರೆಂಡರ್ ಆಗ್ಬೇಕು. ಗುರುವಾರ ಕ್ಯಾಬಿನೆಟ್ ತರ್ತೀನಿ, ಮುಗಿಯೋವರೆಗೂ ಕೂತಿರ್ತೀನಿ."

ಮುತ್ತುರಾಜ ತಲೆ ಕೆರೆದುಕೊಂಡ. "ನಿಮ್ದಾ ಮದುವಿ?"

"ಬೇರೆಯವರ್ದು."

"ಹಂಗಾರ ಬರ್ರಿ."

ಗುರುವಾರ ವೇಣುವಿಗೆ ರಜೆ. ಗುರುವಾರಗಳಂದು ಅವನು ಎಣ್ಣೆಸ್ನಾನ ಮಾಡಿ, ಉಂಡು, ಮಲಗುತ್ತಿದ್ದ. ಅವನದು ಒಳ್ಳೆಯ ಮನಸ್ಸು. ಕ್ಯಾಬಿನೆಟ್ಟನ್ನು ಹೊತ್ತು ಆಟೋದವರೆಗೆ ತಂದ, ಸೀಟಿನ ಮೇಲೆ ಟವೆಲ್ ಮಡಚಿ ಹಾಸಿದ. ಆಮೇಲೆ, "ಊಟಕ್ಕೆ ಬರ್ತೀಯಲ್ಲ?" ಎಂದ.

"ಇಲ್ಲ. ಮಗು ಹನ್ನೆರಡೂವರೆಗೆ ಬರುತ್ತೆ. ಸ್ಕೂಲ್ ಹತ್ರ ಹೋಗಿ. ಅಡುಗೆ ನಿಮ್ದು. ಅತ್ತೆ ಕೈಗೆ ಕೊಡ್ಬೇಡಿ, ಅವರಿಗೆ ಮೊಣಕಾಲು ನೋವು."

ಹೀಗೆ ಅವಳು ಹೊಸ ಡಬ್ಬಿ ಹಾಕಿಸಿ, ಮುತ್ತುರಾಜನ ಅಂಗಡಿಯ ಮೂಲೆಯಲ್ಲಿ ರೆಂಡರಿಂಗ್ ಹಚ್ಚಿ ಕೂತಳು. ಜಯದೇವಪ್ಪನಿಗೆ ಫೋನ್ ಮಾಡಿ, "ನೋಡೋಕೆ ಮನೆಗೆ ಬರಬೇಡಿ ಸಾರ್, ಬಿಟಿಎಂ ಅಂಗಡಿಗೆ ಬನ್ನಿ," ಎಂದಳು. ಮುಗಿಯುವ ಮೊದಲೇ ಕರೆದದ್ದು ತಪ್ಪಾಯಿತೇನೋ ಎಂದು ಆಮೇಲೆ ಅನ್ನಿಸಿತು.

ಅಂಗಡಿಯ ಫೋನ್ ಬಡಿಯಿತು. ಮುತ್ತುರಾಜ ಎತ್ತಿ ಅವಳಿಗೆ ಚಾಚಿದ. "ನಿಮ್ಮ ಯಜಮಾನ್ರು."

"ಸಾಂಬಾರ್ ಪುಡಿ ಎಲ್ಲಿದೆ?"

"ಕೆಂಪು ಮುಚ್ಚಳದ ಡಬ್ಬಿ."

ಕಾಶೀಯಾತ್ರೆ ದಾಟಿತು. ಮತ್ತೆ ಫೋನ್.

"ಬೇಳೆಗೆ ಎಷ್ಟು ಕೂಗು?"

"ನಾಲ್ಕು."

ಧಾರೆ ದಾಟಿತು. ಗಿರಾಕಿಗಳು ಬಂದವರು ಪರದೆಯ ಮೇಲೆ ನೀಲಿ ಪಟ್ಟಿ ತೆವಳುವುದನ್ನು ನಿಂತು ನೋಡಿದರು. ಲತಾಮಣಿ ಕ್ಯಾಬಿನೆಟ್ಟಿನ ಹಿಂಬದಿಗೆ ಅಂಗೈ ಹಿಡಿದಳು. ಬೆಚ್ಚನೆಯ ಗಾಳಿ ಬರುತ್ತಿತ್ತು, ಸುಡುತ್ತಿರಲಿಲ್ಲ. ಮೂರನೆಯ ಸಲ ಫೋನ್ ಬಂದಾಗ ಮುತ್ತುರಾಜನೇ ಮಾತಾಡಿದ. "ಉಪ್ಪು ಎಷ್ಟಂತ ಕೇಳಾಕತ್ಯಾರ್ರಿ."

"ರುಚಿಗೆ ತಕ್ಕಷ್ಟು ಅಂತ ಹೇಳಿ."

"ರುಚಿಗೆ ತಕ್ಕಷ್ಟಂತ್ರಿ," ಎಂದು ಅವನು ಇಟ್ಟುಬಿಟ್ಟ.

ಜಯದೇವಪ್ಪ ಬಂದಾಗ ಆರತಕ್ಷತೆ ಓಡುತ್ತಿತ್ತು. ಕಳೆದ ಸಲ ಸುಟ್ಟಿದ್ದು ಇಲ್ಲೇ. ಅವರು ನಿಂತೇ ನೋಡಿದರು. ಲತಾಮಣಿ ಕೈಕಟ್ಟಿ ಕೂತಿದ್ದಳು, ಉಗುರು ತೋಳಿಗೆ ಒತ್ತುತ್ತಿತ್ತು. ಪಟ್ಟಿ ತುದಿ ಮುಟ್ಟಿತು. ಕಂಪ್ಯೂಟರ್ ಗುಂಯ್‌ಗುಡುತ್ತಲೇ ಇತ್ತು.

ಅವಳು ಮೊದಲಿಂದ ಓಡಿಸಿ ತೋರಿಸಿದಳು. ಮೋಡ, ತಿರುಗುವ ಹೆಸರು, ಮಂಟಪ, ಬದನೆಕಾಯಿ ಹೆಚ್ಚುವ ಹೆಂಗಸರು. ಜಯದೇವಪ್ಪ ಕೊನೆಯವರೆಗೂ ನೋಡಿದರು.

"ಮೋಡ ಸ್ವಲ್ಪ ಜಾಸ್ತಿ ಆಯ್ತಮ್ಮ."

"ಕಮ್ಮಿ ಮಾಡ್ತೀನಿ ಸಾರ್."

"ಮಷಿನ್ ತಡೆಯುತ್ತೆ ತಾನೆ? ಸೀಸನ್ ಮಧ್ಯದಲ್ಲಿ ಕೈ ಕೊಡಬಾರದು."

"ಬೆಳಗಿಂದ ಹಚ್ಚಿದ್ದು, ಇನ್ನೂ ಆರಿಸಿಲ್ಲ. ಹಿಂದೆ ಕೈ ಇಟ್ಟು ನೋಡಿ."

ಅವರು ನಿಜವಾಗಿಯೂ ಕೈ ಇಟ್ಟು ನೋಡಿದರು. ಆಮೇಲೆ ಸ್ಕೂಟರಿನ ಡಿಕ್ಕಿಯಿಂದ ಕ್ಯಾಸೆಟ್ಟುಗಳ ಬಟ್ಟೆಚೀಲ ತಂದು ಅವಳ ಮಡಿಲಲ್ಲಿಟ್ಟರು. ಲತಾಮಣಿ ಆಗ ಪರ್ಸ್ ತೆಗೆದು ಮುತ್ತುರಾಜನಿಗೆ ದುಡ್ಡು ಎಣಿಸಿದಳು.

ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದಾಗ ಬಾಗಿಲಲ್ಲೇ ಒಗ್ಗರಣೆ ಸೀದ ವಾಸನೆ. ಮಗಳು ತಟ್ಟೆಯ ಮುಂದೆ ಕೂತು ಅನ್ನದಿಂದ ಬೇಳೆ ಹೆಕ್ಕುತ್ತಿದ್ದಳು. ವೇಣು ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಬಂದು ಕ್ಯಾಬಿನೆಟ್ ಇಳಿಸಿಕೊಂಡ.

"ಏನಾಯ್ತು?"

"ಪೂರ್ತಿ ಆಯ್ತು. ಸೀಸನ್ ನಮ್ಗೇ ಕೊಟ್ರು." ಚೀಲ ತೋರಿಸಿದಳು.

"ಒಳ್ಳೇದಾಯ್ತು ಬಿಡು," ಎಂದ ಅವನು. ಸಂತೋಷ ಮುಖದಲ್ಲೇ ಇತ್ತು.

"ಹಾಗಾದ್ರೆ ಗುರುವಾರ ಅಡುಗೆ ನಿಮ್ದೇ. ಸೀಸನ್ ಮುಗೀಲಿ, ಆಮೇಲೂ ಇರ್ಲಿ."

ವೇಣು ಅಮ್ಮನ ಕಡೆ ತಿರುಗಿದ.

"ನನ್ನ ಯಾಕೆ ನೋಡ್ತೀಯ?" ಎಂದರು ಅಣ್ಣಮ್ಮ. "ಇನ್ನೊಂದು ಕೂಗು ಕೂಗಿಸು. ಬೇಳೆ ಹಲ್ಲಿಗೆ ಸಿಗುತ್ತೆ."

ಅವನು ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತ. "ಹುರುಳಿಕಾಳು ಮಾಡೋದಾದ್ರೆ ಬುಧವಾರ ರಾತ್ರಿನೇ ನೆನೆಸ್ಬೇಕಾ?"

"ಹೂಂ," ಎಂದಳು ಲತಾಮಣಿ, ಟೇಬಲ್ಲಿನ ಹಿಂದೆ ಬಗ್ಗಿ ಒಂದೊಂದೇ ವೈರು ಸಿಕ್ಕಿಸುತ್ತ. "ನಾನು ನೆನಪು ಮಾಡಲ್ಲ, ನೀವೇ ನೆನೆಸಿ."