ಟವೆಲ್ಲಿನ ಕೆಳಗೆ ಕೊಟ್ಟ ಕೈ

ಯಾರಾದರೂ ಕಾಲೇಜಿನ ಹುಡುಗಿಯರನ್ನು ನಿಮ್ಮ ಮನೆಗೆ ಕರೆತಂದು, ‘ಇವರು ಎರಡು ತಿಂಗಳು ಊರಲ್ಲಿದ್ದು ಸಮಾಜಸೇವೆ ಕಲಿಯುತ್ತಾರೆ, ಸ್ವಲ್ಪ ನೋಡಿಕೊಳ್ಳಿ’ ಎಂದರೆ, ಊಟ ತಿಂಡಿಯ ಮಾತು ಆಮೇಲೆ ಆಡಿ. ಮೊದಲು ಕೇಳಬೇಕಾದದ್ದು ಇಷ್ಟು: ಇವರು ಇಲ್ಲಿ ಮಾಡಿ ಮುಗಿಸಬೇಕಾದ ಕೆಲಸ ಏನು, ಮುಗಿಸದಿದ್ದರೆ ಇವರ ಗತಿ ಏನು? ನಾನು ಕೇಳಲಿಲ್ಲ. ಹಲ್ಲು ನೋಡದೆ ಎತ್ತಿನ ಹಗ್ಗ ಹಿಡಿದ ಹಾಗಾಯಿತು.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ದೊಡ್ಡಬೆಳವಂಗಲದ ಕಡೆ ನಮ್ಮೂರು. ನಾನು ದನದ ದಳ್ಳಾಳಿ. ಹೊಲ ಇಲ್ಲದವನು, ಘಾಟಿಯ ದನಗಳ ಪರಿಷೆಯಲ್ಲಿ ಎರಡು ಕಡೆಯವರ ನಡುವೆ ನಿಂತು ಮಾತು ಕೂಡಿಸಿ, ಅದರಿಂದಲೇ ಮನೆ ಕಟ್ಟಿದವನು. ಮನೆಯ ಮುಂಭಾಗದಲ್ಲಿ ಒಂದು ಕೋಣೆ ಖಾಲಿ ಇತ್ತು, ಹೆಂಡತಿ ಗಟ್ಟಿಗಿತ್ತಿ ಎಂಬ ಹೆಸರಿತ್ತು. ಹಾಗಾಗಿ ಬೆಂಗಳೂರಿನ ಕಾಲೇಜಿನ ಮೇಷ್ಟ್ರು ಇಬ್ಬರು ಹುಡುಗಿಯರನ್ನು ನಮ್ಮಲ್ಲಿ ಬಿಟ್ಟುಹೋದರು. ಒಬ್ಬಳು ಮಾತು ಕಡಿಮೆ, ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಇನ್ನೊಬ್ಬಳು ಹಿರಿಯವಳು, ಮಾತಿನಲ್ಲಿ ಚುರುಕು. ಈ ಕತೆ ಅವಳದು.

ಅವರ ಕೆಲಸ ಊರಿನಲ್ಲಿ ಶಿಶುವಿಹಾರ ತೆರೆಯುವುದು. ಊರ ನಡುವಿನ ಚಾವಡಿಯಲ್ಲಿ, ಊರ ಮಕ್ಕಳು, ಕೇರಿಯ ಮಕ್ಕಳು ಎಲ್ಲರನ್ನೂ ಒಟ್ಟಿಗೆ ಕೂರಿಸಿ. ಕೇರಿಯವರು ಅಲ್ಲಿಯವರೆಗೆ ಚಾವಡಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ಒಂದು ತಿಂಗಳಾದರೂ ಏನೂ ಆಗಿರಲಿಲ್ಲ. ವಾರಕ್ಕೊಮ್ಮೆ ಬಂದು ಕೆಲಸ ನೋಡುತ್ತಿದ್ದ ಮೇಷ್ಟ್ರು ನಮ್ಮ ಜಗಲಿಯ ಮೇಲೆ ಕೂತು ಖಡಾಖಂಡಿತವಾಗಿ ಹೇಳಿದರು: “ಮುಂದಿನ ಶನಿವಾರ ಬರ್ತೀನಿ. ಊರು ಒಪ್ಪಿರಬೇಕು. ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ, ಈ ವರ್ಷದ ಓದು ಮತ್ತೆ ಮಾಡಿ.”

ಅವರು ಬಸ್ಸು ಹತ್ತಿದ ಮೇಲೆ ಹಿರಿಯ ಹುಡುಗಿ ಒಲೆಯ ಮುಂದೆ ನನ್ನ ಹೆಂಡತಿಯ ಪಕ್ಕ ಕುಕ್ಕರಿಸಿ, “ಇನ್ನೊಂದು ವರ್ಷ ನಮ್ಮಪ್ಪ ಓದಿಸಲ್ಲ ಕಣಕ್ಕ. ಮದುವೆ ಮಾಡಿ ಕಳಿಸ್ತಾರೆ ಅಷ್ಟೇ” ಅಂದಳು.

ಮಾರನೆಯ ದಿನವೇ ಹೋಗಿ ಊರ ಯಜಮಾನರನ್ನೆಲ್ಲ ಚಾವಡಿಯಲ್ಲಿ ಸೇರಿಸಿ, “ಒಪ್ಪಿಗೆ ಇರೋರು ಕೈ ಎತ್ತಿ” ಎಂದು ಕೇಳಿಬಿಟ್ಟಳು. ಪೇಟೆಯವರು ಮಾಡುವ ತಪ್ಪೇ ಅದು. ಹತ್ತು ಜನರ ಮುಂದೆ ಮೊದಲ ಕೈ ಯಾರದು?

“ಪಟೇಲ್ರು ಒಪ್ಪಿದ್ರೆ ನಮ್ದೇನೈತೆ?” ಅಂದ ಹಿಟ್ಟಿನ ಗಿರಣಿಯವನು.

“ಊರು ಒಪ್ಪಿದ್ರೆ ನಂದೇನೈತೆ?” ಅಂದರು ಪಟೇಲರು. ಪಟೇಲಿಕೆ ಸರ್ಕಾರದ ಲೆಕ್ಕದಲ್ಲಿ ಹೋಗಿತ್ತು, ಊರಿನಲ್ಲಿ ಹೋಗಿರಲಿಲ್ಲ.

ಒಂದು ಕೈಯೂ ಏಳಲಿಲ್ಲ. ಹುಡುಗಿ ಮನೆಗೆ ಬಂದು ಊಟ ಮಾಡದೆ ಕೋಣೆ ಸೇರಿದಳು. ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. “ಕೊಂಬು ಮುರಿದ ಹಸೂನ ಮಾರೋನು ನೀನು. ಇದೊಂದು ಆಗಾಕಿಲ್ವಾ?”

ಆಗುತ್ತದೆ ಅನ್ನಿಸಿತು. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಯ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಒತ್ತುತ್ತೇವೆ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆ ಮಾತ್ರ. ವ್ಯಾಪಾರ ಕುದುರಲಿ, ಮುರಿಯಲಿ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಒಳಗೆ ಆದದ್ದನ್ನು ದಳ್ಳಾಳಿ ಸಾಯುವವರೆಗೆ ಹೊರಗೆ ಆಡಬಾರದು. ಆಡಿದ ದಿನ ಅವನ ಅನ್ನ ಹೋಯಿತು.

ಮೂರು ದಿನ ತಿರುಗಿದೆ. ಹೊಲದ ಬದು, ಗಿರಣಿ, ದನದ ಕೊಟ್ಟಿಗೆ, ಯಜಮಾನರು ಒಬ್ಬೊಬ್ಬರೇ ಸಿಕ್ಕ ಕಡೆ ಟವೆಲ್ ಹರಡಿದೆ. ಎಲ್ಲ ಮಕ್ಕಳೂ ಬರಲಿ ಅನ್ನುವುದಾದರೆ ಎರಡು ಬೆರಳು ಒತ್ತಿ; ಊರ ಮಕ್ಕಳು ಮಾತ್ರ ಅನ್ನುವುದಾದರೆ ಒಂದು; ಬೇಡವೇ ಬೇಡ ಅಂದರೆ ಮುಷ್ಟಿ. ಕೆಲವರು ನಕ್ಕರು. “ಮಕ್ಕಳನ್ನೂ ಮಾರಕ್ಕಿಟ್ಯೇನೋ ದಳ್ಳಾಳಿ?” ಎಂದು ಗಿರಣಿಯವನು ಕಿಚಾಯಿಸಿದ. ಆದರೆ ಕೈ ಕೊಡದವರು ಯಾರೂ ಇರಲಿಲ್ಲ. ಕೊನೆಗೆ ಪಟೇಲರೂ ಕೊಟ್ಟರು.

ಶುಕ್ರವಾರ ಮನೆಗೆ ಬಂದು ಹುಡುಗಿಗೆ, “ಚಾವಡಿ ಸಿಕ್ತು. ಎಲ್ಲ ಮಕ್ಕಳಿಗೂ” ಅಂದೆ.

“ಯಾರ್‍ಯಾರು ಒಪ್ಪಿದ್ರು ಯಜಮಾನ್ರೇ?”

“ಅದನ್ನ ಕೇಳಂಗಿಲ್ಲ ತಾಯಿ. ಹೆಚ್ಚಿನ ಕೈ ನಿನ್ನ ಕಡೆ, ಅಷ್ಟು ಸಾಕು.”

ಶನಿವಾರ ಮೇಷ್ಟ್ರು ಕೊಡೆ ಹಿಡಿದು ಬೆಳಗಿನ ಬಸ್ಸಿಗೇ ಬಂದರು. ಚಾವಡಿ ಗುಡಿಸಿ ಚಾಪೆ ಹಾಸಿತ್ತು. ಯಜಮಾನರೆಲ್ಲ ಕಂಬಗಳಿಗೆ ಒರಗಿ ಕೂತಿದ್ದರು, ಪಟೇಲರು ಎಂದಿನ ಹಾಗೆ ಮುಂದಿನ ಕಂಬಕ್ಕೆ.

“ಊರು ಒಪ್ಪಿತೇನಮ್ಮ?” ಎಂದು ಮೇಷ್ಟ್ರು ಕೇಳಿದರು.

“ಒಪ್ಪಿದೆ ಸಾರ್. ಪಟೇಲ್ರೂ ಒಪ್ಪಿದಾರೆ!”

ನಾನು ಹಾಗೆ ಹೇಳಿರಲಿಲ್ಲ. ಅವಳು ಸಂತೋಷಕ್ಕೆ ಊಹೆ ಕಟ್ಟಿದ್ದಳು. ಪಟೇಲರು ಸುಣ್ಣ ಸವರುತ್ತಿದ್ದ ಎಲೆಯನ್ನು ಕೆಳಗಿಟ್ಟರು.

“ಏನಮ್ಮಾ, ನಾನ್ಯಾವಾಗ ಹೇಳ್ದೆ ನಿಂಗೆ?” ಆಮೇಲೆ ನನ್ನ ಕಡೆ: “ಏನ್ಲಾ, ನೀನ್ ಹೇಳ್ದಾ?”

“ಇಲ್ಲ ಪಟೇಲ್ರೇ.”

“ಹಂಗಾದ್ರೆ ನಮ್ಮ ಮುಂದೇನೇ ಹೇಳ್ಬಿಡಪ್ಪಾ,” ಗಿರಣಿಯವನು ಕೆಣಕಿದ, “ಪಟೇಲ್ರು ಬೆರಳು ಒತ್ತಿದ್ರಾ, ಮುಷ್ಟಿ ಹಿಡಿದ್ರಾ?”

ಮೇಷ್ಟ್ರು ಕನ್ನಡಕ ತೆಗೆದರು. “ಈಕೆ ಹೇಳಿದ್ದು ನಿಜವೋ ಸುಳ್ಳೋ ಯಜಮಾನ್ರೇ? ನನಗೆ ಅದು ಗೊತ್ತಾಗಬೇಕು.”

ಒತ್ತಿದರು ಎಂದರೆ ಮುಂದಿನ ಪರಿಷೆಯಿಂದ ನನ್ನ ಟವೆಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಇಲ್ಲ ಎಂದರೆ ಹುಡುಗಿ ಸುಳ್ಳಿ, ಅವಳ ಓದು ಅಲ್ಲಿಗೆ ಮುಗಿಯಿತು. ಇಂಥ ಹೊತ್ತಿನಲ್ಲಿ ಬಾಯಿ ಬಿಡಬೇಡಿ. ಕಸುಬಿನ ಕಟ್ಟಳೆ ಹಿಡಿಯಿರಿ. ನಾನು ಹೆಗಲ ಮೇಲಿನ ಟವೆಲ್ ಇಳಿಸಿ ಕೈಯ ಮೇಲೆ ಹರಡಿಕೊಂಡು ಪಟೇಲರ ಮುಂದೆ ನಿಂತೆ.

“ಒಳಗಿನ ಮಾತು ನಾನು ಹೇಳಾಕಿಲ್ಲ. ಸಂಚಕಾರದ ದುಡ್ಡು ಕೊಡೋ ತನಕ ಯಾರು ಬೇಕಾದ್ರೂ ವ್ಯಾಪಾರ ಮುರೀಬೋದು, ಅದು ನಿಮಗೂ ಗೊತ್ತು. ಬ್ಯಾಡ ಅನ್ನೋದಾದ್ರೆ ಇನ್ನೊಂದ್ಸಲ ಕೈ ಕೊಡಿ ಪಟೇಲ್ರೇ.”

ಪಟೇಲರು ಟವೆಲ್ ನೋಡಿದರು, ಚಾಪೆ ನೋಡಿದರು. ಅವರು ಕೈ ಕೊಡಲಿಲ್ಲ. ಕೆಳಗಿಟ್ಟ ಎಲೆಯನ್ನು ಮತ್ತೆ ಎತ್ತಿಕೊಂಡರು.

“ಕೇರಿ ಮಕ್ಕಳು ಮೆಟ್ಲ ಮೇಲೆ ಕೂತ್ಕೊಳ್ಲಿ. ಮೇಲಕ್ಕೆ ಬ್ಯಾಡ.”

ನನಗೆ ಜೀವ ಬಂತು. ಎಲ್ಲಿ ಕೂರಬೇಕು ಎಂದು ಚೌಕಾಸಿಗೆ ಇಳಿದವನು ಮಕ್ಕಳು ಬರಲಿ ಎಂಬುದನ್ನು ಆಗಲೇ ಒಪ್ಪಿರುತ್ತಾನೆ. ಆದರೆ ಹುಡುಗಿ ಎದ್ದು ನಿಂತಳು.

“ಮೆಟ್ಟಿಲ ಮೇಲೆ ಕೂರಿಸೋದಾದ್ರೆ ನಂಗೆ ಈ ಶಿಶುವಿಹಾರಾನೇ ಬೇಡ ಸಾರ್. ಫೇಲ್ ಮಾಡಿ.”

“ಒಂದ್ ಗಳಿಗೆ ಸುಮ್ನಿರವ್ವ,” ಅಂದೆ. “ಪಟೇಲ್ರೇ, ಮೆಟ್ಲಿಗೆ ಸೂರಿಲ್ಲ. ಮಳೆ ಬಂದ್ರೆ?”

“ಮಳೆ ಬಂದ್ರೆ ಮೇಲಕ್ಕೆ ಹತ್ತಲಿ. ಮಕ್ಕಳನ್ನ ನೆನೆಸು ಅಂದ್ನಾ ನಾನು?”

“ಇಳೀರಿ ಅನ್ನೋ ಮಾತು ಬರಾಕಿಲ್ಲ ತಾನೇ?”

“ಆಗ ನೋಡೋಣ ಹೋಗ್ಲಾ.”

ನಾನು ಟವೆಲ್ ಮಡಚಿದೆ. ಉತ್ತರೆ ಮಳೆ ಮುಗಿಯುತ್ತಿತ್ತು, ಜೋರು ಮಳೆಯ ಹಸ್ತೆ ಹುಟ್ಟುವುದರಲ್ಲಿತ್ತು. ನನ್ನ ಲೆಕ್ಕ ಆಕಾಶದ ಮೇಲೆ. ಮೇಷ್ಟ್ರ ಮುಖ ಮಾತ್ರ ಸಡಿಲವಾಗಲಿಲ್ಲ. “ಹದಿನೈದು ದಿನ ಕೊಡ್ತೀನಿ. ಎಲ್ಲ ಮಕ್ಕಳೂ ಒಂದೇ ಚಾಪೆಯ ಮೇಲೆ ಇರಬೇಕು. ಇಲ್ಲದಿದ್ದರೆ ನಾನು ಸಹಿ ಹಾಕೋದಿಲ್ಲ” ಎಂದು ಹೇಳಿ ಹೊರಟರು.

ಹಸ್ತೆ ಹುಟ್ಟಿತು, ಮಳೆ ಬರಲಿಲ್ಲ. ದಿನವೂ ಮೋಡ ಕಟ್ಟಿ ನೆರೆಯ ಮಧುರೆ ಊರಿನ ಕಡೆ ಸರಿದುಹೋಗುತ್ತಿತ್ತು. ಹುಡುಗಿ ನನ್ನೊಡನೆ ಮಾತು ಬಿಟ್ಟಳು. ಮಕ್ಕಳನ್ನು ಕರೆಯಲು ಅವಳು ಕೇರಿಗೆ ಹೋದಾಗ ಒಬ್ಬ ತಾಯಿ, “ಕೆಳಗೆ ಕೂರ್ಸೋಕೆ ಅಲ್ಲಿಗ್ಯಾಕವ್ವ ಕಳಿಸ್ಬೇಕು? ನಮ್ಮ ಮನೆ ಮುಂದೂ ನೆಲ ಐತೆ” ಅಂದಳಂತೆ. “ನಾನೂ ಅವರ ಜೊತೆ ಮೆಟ್ಟಿಲ ಮೇಲೇ ಕೂರ್ತೀನಿ ಕಣಕ್ಕ” ಅಂದಳಂತೆ ಹುಡುಗಿ. ಆ ತಾಯಿ ಮಗಳ ತಲೆ ಬಾಚಿ ಕಳಿಸಿದಳಂತೆ. ಆ ಮಗಳ ಹಿಂದೆ ಉಳಿದವರೂ ಬಂದರು.

ಅಂದಿನಿಂದ ಹುಡುಗಿ ತಾನೂ ಮೆಟ್ಟಿಲ ಮೇಲೆಯೇ ಕೂತು ಪಾಠ ಹೇಳತೊಡಗಿದಳು. ಮೇಲಿದ್ದ ಊರ ಮಕ್ಕಳು ಚಾಪೆ ಬಿಟ್ಟು ಅಂಚಿಗೆ ಬಂದು, ಬಗ್ಗಿ ಬಗ್ಗಿ ನೋಡತೊಡಗಿದವು. ಪಟೇಲರು ಕಂಬಕ್ಕೆ ಒರಗಿ ಕಾಲು ಚಾಚಿ ಎಲ್ಲವನ್ನೂ ನೋಡುತ್ತಿದ್ದರು. ನಾನು ಆ ದಿನಗಳಲ್ಲಿ ಸಂತೆಗೂ ಹೋಗಲಿಲ್ಲ.

ಮೇಷ್ಟ್ರು ಬರುವ ವಾರ ಹಿಡಿಯಿತು. ಒಂದು ದಿನ ಹೊತ್ತು ನೆತ್ತಿಗೆ ಬರುವ ಮುಂಚೆ ಗಾಳಿ ನಿಂತಿತು. ಆಮೇಲೆ ದಪ್ಪ ಹನಿ. ಕೇರಿಯ ಮಕ್ಕಳು ಎದ್ದು ನಿಂತವು, ಮೇಲಕ್ಕೂ ಹತ್ತಲಿಲ್ಲ, ಮನೆಗೂ ಓಡಲಿಲ್ಲ. ಹುಡುಗಿ ಕರೆಯಲಿಲ್ಲ, ಅವಳೂ ಅವರ ಜೊತೆ ನೆನೆಯುತ್ತಾ ಪಟೇಲರನ್ನೇ ನೋಡುತ್ತಿದ್ದಳು. ನಾನು ಎದುರಿನ ಅಂಗಡಿಯ ಸೂರಿನ ಕೆಳಗೆ ನಿಂತಿದ್ದೆ.

“ಏನ್ ನೋಡ್ತಿದ್ದೀರ್ಲಾ? ಹತ್ರಿ ಮೇಲೆ!” ಎಂದು ಪಟೇಲರು ಗದರಿದರು. ಚಾಚಿದ್ದ ಕಾಲನ್ನು ಮಡಚಿಕೊಂಡು ದಾರಿ ಬಿಟ್ಟರು.

ಮಾರನೆಯ ದಿನ ಬಿಸಿಲಿತ್ತು. ಎಲ್ಲರಿಗಿಂತ ಮೊದಲು ಬಂದವಳು ತಾಯಿ ತಲೆ ಬಾಚಿ ಕಳಿಸಿದ್ದ ಕೇರಿಯ ಆ ಪುಟ್ಟ ಹುಡುಗಿ. ಮೆಟ್ಟಿಲ ಬಳಿ ನಿಂತು ಪಟೇಲರ ಮುಖ ನೋಡಿದಳು. ಪಟೇಲರು ಎಲೆ ಚೀಲದಲ್ಲಿ ಏನೋ ಹುಡುಕುವವರ ಹಾಗೆ ತಲೆ ಬಗ್ಗಿಸಿದರು. ಅವಳು ಹತ್ತಿದಳು.

ಮೇಷ್ಟ್ರು ಬಂದರು, ಒಂದೇ ಚಾಪೆ ಕಂಡರು, ಸಹಿ ಹಾಕಿದರು. ಹೊರಡುವ ದಿನ ಹುಡುಗಿ ಬಸ್ಸಿನ ಹತ್ತಿರ ನಿಂತು, “ಈಗಲಾದ್ರೂ ಹೇಳಿ ಯಜಮಾನ್ರೇ, ಅವತ್ತು ಪಟೇಲ್ರು ಎಷ್ಟು ಬೆರಳು ಒತ್ತಿದ್ರು?” ಎಂದು ಕೇಳಿದಳು.

“ಬಸ್ಸು ಹೊರಡ್ತೈತೆ, ಹತ್ತವ್ವ” ಅಂದೆ.

ಪಟೇಲರು ಹೋಗಿ ಎಷ್ಟೋ ವರ್ಷವಾಯಿತು. ನನ್ನ ಹೆಂಡತಿ ಈಗಲೂ ಒಂದೊಂದು ಸಲ ಮುದ್ದೆ ಬಡಿಸುತ್ತಾ ಅದನ್ನೇ ಕೇಳುತ್ತಾಳೆ. ಸಾರು ಹಾಕು ಅನ್ನುತ್ತೇನೆ.